ಕಡಲ ಪಕ್ಕದ ಮನೆ: ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು

ಕಡಲ ತೀರದಲ್ಲಿ ಕರೆಂಟ್ ಕಡಿಮೆ ಬೇಡುವ ಮನೆ ಕಟ್ಟಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಸೋಲಾರ್ ಪ್ಯಾನಲ್ ಹುಡುಕಲು ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಯೋಚಿಸಬೇಕಾದ ವಿಷಯ. ಒಳನಾಡಿನ ಮನೆಗೆ ಬರೆದ ಸಲಹೆಗಳನ್ನು ಹಾಗೇ ಎತ್ತಿಕೊಂಡು ತೀರಕ್ಕೆ ತಂದರೆ, ಕೆಲವೇ ವರ್ಷಗಳಲ್ಲಿ ತಗಡು, ಕಿಟಕಿ, ಎಸಿ ಒಂದೊಂದಾಗಿ ಕೈ ಕೊಡುತ್ತವೆ. ಬದಲಾಯಿಸಿದ ಪ್ರತಿ ವಸ್ತುವನ್ನೂ ಮತ್ತೆ ಯಾವುದೋ ಕಾರ್ಖಾನೆ ಇಂಧನ ಸುಟ್ಟೇ ತಯಾರಿಸಬೇಕು, ಅಲ್ವಾ? ಉಳಿಸಿದ ಕರೆಂಟೆಲ್ಲ ಅಲ್ಲಿಗೆ ಹೋಯಿತು. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಗೂ ನಾನು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿದ್ದೇನೆ. ಉಪ್ಪನ್ನು ತಡೆಯುತ್ತದಾ? ಬಿರುಗಾಳಿ, ನೀರು ಬಂದರೆ ನಿಲ್ಲುತ್ತದಾ? ಇವೆರಡು ಆದ ಮೇಲೆ, ಕರೆಂಟ್ ಎಷ್ಟು ಉಳಿಸುತ್ತದೆ?

ಮೊದಲು ನಿಮ್ಮ ತೀರ ಯಾವ ಬಗೆಯದ್ದು ನೋಡಿ

ಎಲ್ಲ ತೀರವೂ ಒಂದೇ ಅಲ್ಲ. ಅಲೆ ಜೋರಾಗಿ ಒಡೆಯುವ ಕಡೆ ನೀರಿನ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿಕೊಂಡು ಬಂದು ಗೋಡೆ, ತಗಡಿನ ಮೇಲೆ ಕೂರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಶಾಂತವಾದ ಕೊಲ್ಲಿಯ ದಡದಲ್ಲಿ ನೀರು ಅಷ್ಟೇ ಹತ್ತಿರ ಇದ್ದರೂ ಉಪ್ಪು ಎಷ್ಟೋ ಕಡಿಮೆ. ಮೊದಲ ಕೆಲವು ನೂರು ಮೀಟರ್ ದಾಟಿದರೆ ಸಾಮಾನ್ಯವಾಗಿ ಉಪ್ಪಿನ ಹೊಡೆತ ಬೇಗ ಇಳಿಯುತ್ತದೆ. ಆದರೆ ಗಾಳಿ ಯಾವಾಗಲೂ ಕಡಲಿನಿಂದಲೇ ಬೀಸುವ ಬಯಲು ಜಾಗವಾದರೆ ಇನ್ನೂ ದೂರ ಹೋಗುತ್ತದೆ.

ಇದನ್ನು ಅಳೆಯುವುದಕ್ಕೆ ಐಎಸ್‌ಒ 9223 ಅನ್ನುವ ಮಾನದಂಡ ಇದೆ. ಒಂದು ಜಾಗದ ಗಾಳಿ ಲೋಹವನ್ನು ಎಷ್ಟು ವೇಗವಾಗಿ ತಿನ್ನುತ್ತದೆ ಅನ್ನುವುದನ್ನು ನೋಡಿ ಸಿ1ರಿಂದ ಸಿ5, ಅದಕ್ಕೂ ಮೇಲೆ ಸಿಎಕ್ಸ್ ಅಂತ ದರ್ಜೆ ಕೊಡುತ್ತಾರೆ. ಅಂಕಿ ನೋಡಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಚದರ ಮೀಟರಿಗೆ 275 ಗ್ರಾಂ ಸತು ಹಚ್ಚಿದ ತಗಡನ್ನು ಒಳ್ಳೆಯ ಮಾಲು ಅಂತಲೇ ಮಾರುತ್ತಾರೆ. ಆ ಸತುವನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ ಸಿಗುವುದು ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಸಿ3 ಜಾಗದಲ್ಲಿ ಸತು ಮೊದಲ ವರ್ಷ ಸವೆಯುವುದು 0.7ರಿಂದ 2.1 ಮೈಕ್ರಾನ್. ಸಿ5ರಲ್ಲಿ ಅದೇ ಸತು 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಅಂದರೆ ಒಂದು ಕಡೆ ಹತ್ತಿಪ್ಪತ್ತು ವರ್ಷ ಬರುವ ತಗಡು ಇನ್ನೊಂದು ಕಡೆ ಎರಡೂವರೆಯಿಂದ ಐದು ವರ್ಷಕ್ಕೆ ಬರಿ ಕಬ್ಬಿಣ. ತಗಡು ಒಂದೇ, ಅಂಗಡಿ ಒಂದೇ, ವಿಳಾಸ ಬೇರೆ, ಅಷ್ಟೇ. ಎಂಜಿನಿಯರ್ ಹತ್ತಿರ ಮಾತಾಡುವಾಗ "ನಮ್ಮ ಜಾಗ ಯಾವ ದರ್ಜೆ?" ಅಂತ ಮೊದಲೇ ಕೇಳಿ. ಅವರು ತಡವರಿಸಿದರೆ ಅದೂ ಒಂದು ಉತ್ತರವೇ.

ಇನ್ನೊಂದು ಮಾತು. ಮಳೆ ಬೀಳುವ ಜಾಗಕ್ಕಿಂತ ಮಳೆ ಬೀಳದ ಜಾಗ ಬೇಗ ತುಕ್ಕು ಹಿಡಿಯುತ್ತದೆ. ಸೂರಿನ ಕೆಳಗೆ, ಬಾಲ್ಕನಿಯ ತಳದಲ್ಲಿ, ಗ್ಯಾರೇಜ್ ಬಾಗಿಲಿನ ಮೇಲುಭಾಗದಲ್ಲಿ ಉಪ್ಪು ಕೂರುತ್ತಲೇ ಇರುತ್ತದೆ, ಅದನ್ನು ತೊಳೆಯುವವರು ಯಾರೂ ಇಲ್ಲ. "ಅದು ಒಳಗಡೆ ಇದೆಯಲ್ಲ, ಸಾದಾ ಮೊಳೆ ಸಾಕು" ಅನ್ನುವ ಮಾತನ್ನು ನಂಬಬೇಡಿ.

ಹವೆಯ ವಿಷಯ ಬೇರೆ. ವರ್ಷವಿಡೀ ಸೆಕೆ ಇರುವ ತೀರಕ್ಕೂ ಚಳಿಗಾಳಿಯ ತೀರಕ್ಕೂ ಉಪ್ಪಿನ ಸಲಹೆ ಒಂದೇ, ಶಕ್ತಿಯ ಸಲಹೆ ಮಾತ್ರ ಬಹಳ ಕಡೆ ಉಲ್ಟಾ. ಎಲ್ಲಿ ಉಲ್ಟಾ ಆಗುತ್ತದೋ ಅಲ್ಲಿ ಹೇಳುತ್ತೇನೆ.

ನೆಲದ ಮೇಲೆ ಕೂರಿಸುವುದಾ, ಕಂಬದ ಮೇಲೆ ಎತ್ತುವುದಾ

ಮೂರು ದಾರಿ ಇವೆ. ನೆಲಕ್ಕೆ ಹತ್ತಿದ ಸ್ಲ್ಯಾಬ್, ಮಣ್ಣು ತುಂಬಿ ದಿಬ್ಬ ಮಾಡಿ ಅದರ ಮೇಲೆ ಮನೆ, ಇಲ್ಲವೇ ಕಂಬಗಳ ಮೇಲೆ ಮನೆ. ಸ್ಲ್ಯಾಬ್ ಅಗ್ಗ, ಆದರೆ ಜಾಗವೇ ಎತ್ತರದಲ್ಲಿದ್ದರೆ ಮಾತ್ರ. ಮಣ್ಣು ತುಂಬುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮ್ಮ ಅಂಗಳದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ದೊಡ್ಡ ಅಲೆ ಬಂದರೆ ತುಂಬಿದ ಮಣ್ಣೇ ಕೊಚ್ಚಿಹೋಗುತ್ತದೆ. ಕಂಬದ ಮೇಲಿನ ಮನೆಗೆ ಖರ್ಚು ಜಾಸ್ತಿ, ಮೆಟ್ಟಿಲು ಹತ್ತಬೇಕು, ವಯಸ್ಸಾದವರಿಗೆ ಕಷ್ಟ. ಆದರೆ ನೀರು ಕೆಳಗೆ ಹರಿದು ಹೋಗುತ್ತದೆ, ಸೆಕೆಯ ಊರಲ್ಲಿ ಗಾಳಿಯೂ ಆಡುತ್ತದೆ. ಚಳಿಯ ಊರಲ್ಲಿ ಇದೇ ಗಾಳಿ ಶತ್ರು: ನೆಲದ ತಳಕ್ಕೆ ದಪ್ಪ ಇನ್ಸುಲೇಶನ್ ಹಾಕದಿದ್ದರೆ ಕಾಲಿಟ್ಟಲ್ಲೆಲ್ಲ ಚಳಿ, ಪೈಪಿನ ನೀರೂ ಹೆಪ್ಪುಗಟ್ಟಬಹುದು.

ಎಷ್ಟು ಎತ್ತರ? ಸ್ಥಳೀಯ ಪ್ರವಾಹ ಮಟ್ಟಕ್ಕಿಂತ ಸ್ವಲ್ಪ ಧಾರಾಳವಾಗಿಯೇ ಮೇಲಿರಲಿ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2021ರ ವರದಿಯ ಪ್ರಕಾರ 1995–2014ರ ಸರಾಸರಿಗೆ ಹೋಲಿಸಿದರೆ 2100ರ ಹೊತ್ತಿಗೆ ಜಗತ್ತಿನ ಸರಾಸರಿ ಕಡಲ ಮಟ್ಟ, ಹೊಗೆ ತುಂಬಾ ಕಡಿಮೆಯಾದರೆ 0.28ರಿಂದ 0.55 ಮೀಟರ್, ತುಂಬಾ ಜಾಸ್ತಿಯಾದರೆ 0.63ರಿಂದ 1.01 ಮೀಟರ್ ಏರುವ ಅಂದಾಜಿದೆ. ಬಿರುಗಾಳಿ ತಳ್ಳಿಕೊಂಡು ಬರುವ ನೀರು ಇದರ ಮೇಲೆ ಸೇರುತ್ತದೆ. ಕಂಬದ ಮನೆಯ ಕೆಳಗೆ ಆಮೇಲೆ ಗೋಡೆ ಕಟ್ಟಿ ಕೋಣೆ ಮಾಡುವ ಆಸೆ ಬಹಳ ಜನರಿಗೆ ಬರುತ್ತದೆ. ಬೇಡ. ಕಟ್ಟಲೇಬೇಕು ಅಂದರೆ ಅಲೆ ಹೊಡೆದಾಗ ತಾನೇ ಕಳಚಿ ಬೀಳುವ ಹಗುರ ಗೋಡೆ ಇರಲಿ, ಇಲ್ಲದಿದ್ದರೆ ಅಲೆಯ ಪೂರ್ತಿ ಹೊಡೆತವನ್ನು ಆ ಗೋಡೆ ಕಂಬಗಳಿಗೇ ದಾಟಿಸುತ್ತದೆ. ಮೀಟರ್ ಬೋರ್ಡ್, ಬ್ಯಾಟರಿ, ಇನ್ವರ್ಟರ್, ಹೀಟ್ ಪಂಪ್ (ಹೊರಗಾಳಿಯ ಬಿಸಿಯನ್ನು ಎಳೆದು ನೀರು ಅಥವಾ ಮನೆ ಬಿಸಿ ಮಾಡುವ ಯಂತ್ರ) ಎಲ್ಲವೂ ಪ್ರವಾಹ ಮಟ್ಟದ ಮೇಲೇ ಇರಬೇಕು.

ಮರಳ ದಿಬ್ಬ, ಅದರ ಮೇಲಿನ ಬಳ್ಳಿ, ಪೊದೆ ಇದ್ದರೆ ನೋಟಕ್ಕೆ ಅಡ್ಡ ಅಂತ ಕಡಿಯಬೇಡಿ. ದಡಕ್ಕೆ ಕಟ್ಟುವ ಕಲ್ಲಿನ ತಡೆಗೋಡೆ ಅದರ ಎದುರಿನ ಮತ್ತು ಪಕ್ಕದ ಮರಳನ್ನು ಕಳೆಯುತ್ತದೆ. ದಿಬ್ಬ ಅಲೆಯ ಹೊಡೆತ ತಿಂದರೂ ಮತ್ತೆ ಬೆಳೆಯುತ್ತದೆ. ಇಲ್ಲಿ ಹೋಲಿಸುವುದಕ್ಕೆ ಹೆಚ್ಚೇನೂ ಇಲ್ಲ.

ಕಾಂಕ್ರೀಟಾ, ಮರವಾ, ಒಳಗೆ ಯಾವ ಕಂಬಿ

ತೀರದ ಮನೆಗೆ ಕಾಂಕ್ರೀಟೇ ಗಟ್ಟಿ ಅನ್ನುವ ನಂಬಿಕೆ ಇದೆ. ಕಾಂಕ್ರೀಟ್ ಗಟ್ಟಿಯೇ, ಅದರೊಳಗಿನ ಕಬ್ಬಿಣ ಅಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ನಿಧಾನವಾಗಿ ಒಳಗೆ ಇಳಿದು ಕಂಬಿಯನ್ನು ಮುಟ್ಟಿದ ಮೇಲೆ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಒಡೆದು ಚೂರು ಉದುರುತ್ತದೆ. ಬಾಲ್ಕನಿಯ ಅಂಚಿನಲ್ಲಿ ಕಂಬಿ ಹೊರಗೆ ಇಣುಕುವುದನ್ನು ಯಾವ ತೀರದಲ್ಲಿ ಬೇಕಾದರೂ ನೋಡಬಹುದು.

ಇದನ್ನು ತಡೆಯಲು ಎರಡು ಅಗ್ಗದ ಉಪಾಯ ಇವೆ, ಎರಡನ್ನೂ ಜನ ಬಿಟ್ಟುಬಿಡುತ್ತಾರೆ. ಒಂದು, ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ, ಅಂದರೆ ಕವರ್. ಕ್ಲೋರೈಡ್ ಇಳಿಯುವ ರೀತಿ ಹೇಗಿದೆ ಅಂದರೆ ಕವರ್ ದುಪ್ಪಟ್ಟಾದರೆ ಅದು ಕಂಬಿ ಮುಟ್ಟಲು ಬೇಕಾದ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. 25 ಮಿ.ಮೀ. ಬದಲು 50 ಮಿ.ಮೀ. ಕೊಟ್ಟರೆ ಬೀಳುವ ಖರ್ಚು ಅದರ ಮುಂದೆ ಏನೂ ಅಲ್ಲ. ಎರಡು, ನೀರು ಮತ್ತು ಸಿಮೆಂಟಿನ ಅನುಪಾತ. ಕ್ಲೋರೈಡಿನ ಹೊಡೆತ ಇರುವ ಕಡೆ ಇದು 0.40 ದಾಟಬಾರದು ಅಂತ ಅಮೆರಿಕದ ಎಸಿಐ 318 ಸಂಹಿತೆ ಹೇಳುತ್ತದೆ. ಕೆಲಸ ಸಲೀಸಾಗಲಿ ಅಂತ ಸೈಟಿನಲ್ಲಿ ಒಂದು ಬಕೆಟ್ ನೀರು ಜಾಸ್ತಿ ಸುರಿದರೆ ಈ ಲೆಕ್ಕವೆಲ್ಲ ಸುಮ್ನೆ ಕಾಗದದ ಮೇಲೆ ಉಳಿಯುತ್ತದೆ. ತೊಳೆಯದ ಕಡಲ ಮರಳು, ಉಪ್ಪು ನೀರಿನ ಬಾವಿಯ ಕ್ಯೂರಿಂಗ್, ಇವೆರಡನ್ನೂ ಗುತ್ತಿಗೆಯಲ್ಲೇ ನಿಷೇಧಿಸಿ.

ಸಿಮೆಂಟ್ ಬಗ್ಗೆ ಒಂದು ಖುಷಿಯ ವಿಷಯ ಇದೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 7–8 ಶೇಕಡಾ ಸಿಮೆಂಟ್ ಉದ್ಯಮದ್ದು. ಸಿಮೆಂಟಿನ ಅರ್ಧದಷ್ಟನ್ನು ಕಬ್ಬಿಣದ ಊದುಕುಲುಮೆಯ ಸ್ಲ್ಯಾಗ್, ಅಂದರೆ ಕಿಟ್ಟದ ಪುಡಿಯಿಂದ ತುಂಬಿಸಿದರೆ ಹೊಗೆ ಇಳಿಯುತ್ತದೆ, ಜೊತೆಗೆ ಕಾಂಕ್ರೀಟಿನ ಸಣ್ಣ ರಂಧ್ರಗಳು ಮುಚ್ಚಿಕೊಂಡು ಕ್ಲೋರೈಡ್ ಇಳಿಯುವುದೂ ನಿಧಾನವಾಗುತ್ತದೆ. ಪರಿಸರಕ್ಕೂ ಬಾಳಿಕೆಗೂ ಒಂದೇ ಉತ್ತರ ಸಿಗುವ ಜಾಗ ಅಪರೂಪ, ಇದು ಅಂಥದ್ದು. ಇದರ ಬೆಲೆ ತಾಳ್ಮೆ. ಸ್ಲ್ಯಾಗ್ ಕಾಂಕ್ರೀಟ್ ಗಟ್ಟಿಯಾಗುವುದು ನಿಧಾನ, ಹಾಗಾಗಿ ಸೆಂಟ್ರಿಂಗ್ ಬೇಗ ಬಿಚ್ಚುವಂತಿಲ್ಲ, ನೀರುಣಿಸುವುದನ್ನೂ ಜಾಸ್ತಿ ದಿನ ಮಾಡಬೇಕು.

ಕಂಬಿಯಲ್ಲಿ ಸಾದಾ ಉಕ್ಕು, ಎಪಾಕ್ಸಿ ಬಳಿದದ್ದು, ಸತು ಲೇಪದ್ದು, ಸ್ಟೇನ್‌ಲೆಸ್, ಗಾಜಿನ ನಾರಿನದ್ದು ಅಂತ ಸಾಲು ಸಾಲು ಸಿಗುತ್ತವೆ. ಎಪಾಕ್ಸಿಯದ್ದು ಕೇಳಲು ಚೆನ್ನ, ಆದರೆ ಎಳೆದಾಡುವಾಗ ಎಲ್ಲಾದರೂ ಗೀರು ಬಿದ್ದರೆ ತುಕ್ಕು ಅಲ್ಲೇ ಗುಂಪುಗೂಡುತ್ತದೆ. ಕೆಲಸದವರ ಮೇಲೆ ಪೂರ್ತಿ ನಂಬಿಕೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ಗಾಜಿನ ನಾರಿನ ಕಂಬಿ ತುಕ್ಕೇ ಹಿಡಿಯುವುದಿಲ್ಲ, ತೂಕ ಉಕ್ಕಿನ ಕಾಲು ಭಾಗದಷ್ಟು. ಆದರೆ ಅದರ ಬಿಗಿತವೂ ಉಕ್ಕಿನ ಸುಮಾರು ಕಾಲು ಭಾಗವೇ, ಸೈಟಿನಲ್ಲಿ ಬಗ್ಗಿಸಲು ಬರುವುದಿಲ್ಲ, ಬೆಂಕಿಗೆ ದುರ್ಬಲ. ಉಕ್ಕಿನ ನಕ್ಷೆಯಲ್ಲಿ ಉಕ್ಕು ತೆಗೆದು ಇದನ್ನು ಹಾಕುವ ಹಾಗಿಲ್ಲ, ಲೆಕ್ಕ ಹೊಸದಾಗಿ ಮಾಡಬೇಕು. ನಾನಾದರೆ ಮನೆಯ ಒಳಭಾಗಕ್ಕೆ ಸಾದಾ ಉಕ್ಕು ಮತ್ತು ಒಳ್ಳೆಯ ಕವರ್, ಕಡಲಿಗೆ ಮುಖ ಮಾಡಿದ ಬಾಲ್ಕನಿ ಮತ್ತು ಅಡಿಪಾಯದ ಹೊರ ಅಂಚಿಗೆ ಸ್ಟೇನ್‌ಲೆಸ್ ಅಥವಾ ನಾರಿನ ಕಂಬಿ ಅಂತ ಹಂಚುತ್ತೇನೆ.

ಮರ? ಚಳಿಯ ತೀರದಲ್ಲಿ ನಾನು ಮರವನ್ನೇ ಮೊದಲು ನೋಡುತ್ತೇನೆ. ಹಗುರ, ಇನ್ಸುಲೇಶನ್ ತುಂಬಲು ಸುಲಭ, ಇಂಗಾಲವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ಅದನ್ನು ಲೋಹದಂತೆ ತಿನ್ನುವುದಿಲ್ಲ. ಸೆಕೆ ಮತ್ತು ಗೆದ್ದಲಿನ ಊರಲ್ಲಿ ಲೆಕ್ಕ ಬದಲಾಗುತ್ತದೆ, ಮರಕ್ಕೆ ನೀರು ನಿಲ್ಲದ ಜೋಡಣೆ ಮತ್ತು ಗೆದ್ದಲು ತಡೆ ಇಲ್ಲದೆ ಕೈ ಹಾಕಬೇಡಿ. ತಾಮ್ರದ ಅಂಶವಿರುವ ಔಷಧ ಕುಡಿಸಿದ ಮರಕ್ಕೆ ಸಾದಾ ಸತು ಲೇಪದ ಮೊಳೆ ಹೊಡೆದರೆ ಮರವೇ ಮೊಳೆಯನ್ನು ತಿನ್ನುತ್ತದೆ, ಅಲ್ಲಿಗೆ ಸ್ಟೇನ್‌ಲೆಸ್ಸೇ ಬೇಕು.

ಚಾವಣಿಯಲ್ಲಿ ನೆರಳು ಮತ್ತು ಗಾಳಿಯ ಜಗಳ

ಆಕಾರದ ಹೋಲಿಕೆ ಸರಳ. ನಾಲ್ಕೂ ಬದಿಗೆ ಇಳಿಜಾರಿರುವ ಚಾವಣಿ ಬಿರುಗಾಳಿಗೆ ಎರಡು ಬದಿಯ ಚಾವಣಿಗಿಂತ ಚೆನ್ನಾಗಿ ನಿಲ್ಲುತ್ತದೆ, ಏಕೆಂದರೆ ಗಾಳಿಗೆ ಎದೆ ಕೊಡುವ ತ್ರಿಕೋನದ ಗೋಡೆ ಅದರಲ್ಲಿ ಇಲ್ಲ. ಚಪ್ಪಟೆ ಚಾವಣಿ ನೋಡಲು ಆಧುನಿಕ, ಪ್ಯಾನಲ್ ಇಡಲೂ ಅನುಕೂಲ, ಆದರೆ ಅಂಚು ಮತ್ತು ಮೂಲೆಗಳಲ್ಲಿ ಗಾಳಿ ಮೇಲಕ್ಕೆ ಎಳೆಯುವ ಬಲ ತುಂಬಾ ಜಾಸ್ತಿ, ನೀರೂ ನಿಲ್ಲುತ್ತದೆ.

ಜಗಳ ಬರುವುದು ಸೂರಿನಲ್ಲಿ. ಸೆಕೆಗೆ ಉದ್ದ ಸೂರು ಬೇಕು, ಬಿರುಗಾಳಿಗೆ ಉದ್ದ ಸೂರು ಹಿಡಿಕೆ ಸಿಕ್ಕಂತೆ. ಇದಕ್ಕೆ ನನಗೆ ಸರಿ ಅನಿಸಿದ ಉತ್ತರ ಒಂದೇ: ಮುಖ್ಯ ಚಾವಣಿಯ ಸೂರು ಚಿಕ್ಕದಿರಲಿ, ವೆರಾಂಡದ ಚಾವಣಿ ಬೇರೆಯೇ ಆಗಿರಲಿ, ಅದರ ಕಂಬ, ತೊಲೆ ಎಲ್ಲ ಪ್ರತ್ಯೇಕ. ದೊಡ್ಡ ಗಾಳಿಗೆ ವೆರಾಂಡ ಹೋದರೂ ಮನೆಯ ಮಾಡನ್ನು ಎಳೆದುಕೊಂಡು ಹೋಗುವುದಿಲ್ಲ. ಚಾವಣಿಯಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಲೋಹದ ಪಟ್ಟಿಯ ಕೊಂಡಿ ತಪ್ಪದೆ ಸಾಗಬೇಕು. ಒಂದೇ ಒಂದು ಕೊಂಡಿ ಬಿಟ್ಟರೂ ಉಳಿದವುಗಳಿಗೆ ಅರ್ಥವಿಲ್ಲ.

ಹೊದಿಕೆಗೆ ಅಲ್ಯೂಮಿನಿಯಂ ತಗಡು ಉಕ್ಕಿನ ತಗಡಿಗಿಂತ ದುಬಾರಿ, ಸಿ5 ಜಾಗದಲ್ಲಿ ಅದೇ ಕೊನೆಗೆ ಅಗ್ಗ. ಹೆಂಚು ತುಕ್ಕು ಹಿಡಿಯುವುದಿಲ್ಲ, ಒಡೆದ ಒಂದನ್ನೇ ಬದಲಾಯಿಸಬಹುದು, ಆದರೆ ಪ್ರತಿ ಹೆಂಚನ್ನೂ ಕಟ್ಟದಿದ್ದರೆ ಬಿರುಗಾಳಿಗೆ ಹಾರುತ್ತದೆ. ಸೆಕೆಯ ಕಡೆ ಬಣ್ಣ ಬಿಳಿ ಇರಲಿ. ಹೊಸ ಬಿಳಿ ಚಾವಣಿ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ, ಆದರೆ ತೇವದ ಹವೆಗೆ ಪಾಚಿ ಕಟ್ಟಿ ಕಪ್ಪಾಗುವುದೂ ಬೇಗ. ತೊಳೆಯಲು ಆಗದ ಜಾಗವಾದರೆ ಬಣ್ಣವನ್ನು ನಂಬಿ ಇನ್ಸುಲೇಶನ್ ಕಡಿಮೆ ಮಾಡಬೇಡಿ.

ತೆರೆದ ಮನೆಯಾ, ಮುಚ್ಚಿದ ಮನೆಯಾ

ಕರೆಂಟ್ ಬಿಲ್ ನಿಜವಾಗಿ ನಿರ್ಧಾರ ಆಗುವುದು ಇಲ್ಲಿ.

ಸೆಕೆಯ ತೀರದಲ್ಲಿ ಹಗಲು ಮತ್ತು ರಾತ್ರಿಯ ಬಿಸಿಗೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಒಣ ಪ್ರದೇಶದಲ್ಲಿ ದಪ್ಪ ಗೋಡೆ ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿಯ ತಂಪಿನಲ್ಲಿ ಬಿಡುತ್ತದೆ. ಇಲ್ಲಿ ರಾತ್ರಿಯೇ ತಂಪಾಗದಿದ್ದರೆ ಗೋಡೆ ಆ ಬಿಸಿಯನ್ನು ನಿಮ್ಮ ಮಲಗುವ ಕೋಣೆಗೆ ಬಿಡುತ್ತದೆ. ಆದ್ದರಿಂದ ಸೆಕೆಯ ತೀರಕ್ಕೆ ನೆರಳು, ಹಗುರ ಗೋಡೆ, ಗಾಳಿ ಮೊದಲು. ದಪ್ಪ ಕಾಂಕ್ರೀಟ್ ಗೋಡೆಯನ್ನು ಬಾಳಿಕೆಗೆ ಬೇಕು ಅಂತ ಕಟ್ಟಿದರೆ ಅದರ ಹೊರಮೈಗೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ.

ತೆರೆದ ಮನೆ ಅಂದರೆ ಸುಮ್ನೆ ದೊಡ್ಡ ಕಿಟಕಿ ಇಡುವುದಲ್ಲ. ಗಾಳಿ ಒಳಗೆ ಬರುವ ಬಾಯಿ ಇರುವಂತೆ ಹೊರಗೆ ಹೋಗುವ ಬಾಯಿಯೂ ಎದುರು ಗೋಡೆಯಲ್ಲಿ ಇರಬೇಕು, ಅಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದು. ಮನೆ ಒಂದು ಕೋಣೆಯಷ್ಟೇ ಅಗಲ ಇದ್ದರೆ ಅತಿ ಉತ್ತಮ. ಗಾಳಿ ಸೆಕೆಂಡಿಗೆ ಒಂದು ಮೀಟರಿಗೆ ಹತ್ತಿರವಾಗಿ ಮೈ ಮೇಲೆ ಆಡಿದರೆ ಎರಡು ಮೂರು ಡಿಗ್ರಿ ತಂಪಾದಷ್ಟು ಹಿತ. ಇದೇ ಕೆಲಸವನ್ನು ಫ್ಯಾನೂ ಮಾಡುತ್ತದೆ, ಹಳೆಯ ಮೋಟಾರಿನ ಫ್ಯಾನ್ 70–75 ವ್ಯಾಟ್ ತೆಗೆದುಕೊಂಡರೆ ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗೆ 30ರ ಆಸುಪಾಸು ಸಾಕು. ತೆರೆದ ಮನೆಯ ಕೆಟ್ಟ ಮುಖವೂ ಇದೆ. ಉಪ್ಪು, ತೇವ ಎರಡೂ ನೇರ ಒಳಗೆ. ಕಪಾಟಿನ ಬಟ್ಟೆ ಬೂಷ್ಟು ಹಿಡಿಯುತ್ತದೆ, ಟಿವಿ, ಕಂಪ್ಯೂಟರ್ ಬೋರ್ಡ್‌ಗಳ ಆಯಸ್ಸು ಇಳಿಯುತ್ತದೆ.

ಮುಚ್ಚಿದ ಮನೆಯಲ್ಲಿ ಗಾಳಿ ಸೋರದ ಗೋಡೆ, ಚಿಕ್ಕ ಎಸಿ, ಅಳೆದು ಬಿಡುವ ಹೊಸ ಗಾಳಿ ಇರುತ್ತದೆ. ಒಳಗಿನ ತೇವ 60 ಶೇಕಡಾ ಒಳಗೆ ಇದ್ದರೆ ಬೂಷ್ಟಿನ ಕಾಟ ಇಲ್ಲ. ಆದರೆ ಕರೆಂಟ್ ಹೋದರೆ ಉಸಿರುಗಟ್ಟುತ್ತದೆ, ಬಿರುಗಾಳಿಯ ನಂತರ ಎಷ್ಟು ದಿನ ಕರೆಂಟ್ ಇಲ್ಲವೋ ಅಷ್ಟು ದಿನ.

ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು, ಹೆಚ್ಚು ಜನ ಕಟ್ಟುವುದೂ ಅದನ್ನೇ. ಸೋರುವ ಮನೆಗೆ ಎಸಿ. ಹೊರಗಿನ ತೇವದ ಗಾಳಿ ಸಂದುಗಳಿಂದ ನುಗ್ಗಿ ತಣ್ಣನೆಯ ಗೋಡೆ ಮುಟ್ಟಿ ನೀರಾಗುತ್ತದೆ, ಎಸಿ ಅದನ್ನು ಒಣಗಿಸುತ್ತಲೇ ಇರುತ್ತದೆ. ಅಂಥ ಮನೆಯ ಹೊರಗೋಡೆಗೆ ಒಳಗಡೆಯಿಂದ ವಿನೈಲ್ ವಾಲ್‌ಪೇಪರ್ ಅಂಟಿಸಿದರೆ ಅದರ ಹಿಂದೆ ಬೂಷ್ಟಿನ ತೋಟವೇ ಬೆಳೆಯುತ್ತದೆ, ಏಕೆಂದರೆ ಒಳಗೆ ಬಂದ ತೇವಕ್ಕೆ ಒಣಗಲು ದಾರಿಯೇ ಇಲ್ಲ. ಆವಿ ತಡೆಯುವ ಪದರ ಸೆಕೆಯ ಊರಲ್ಲಿ ಗೋಡೆಯ ಹೊರಬದಿಗೆ, ಚಳಿಯ ಊರಲ್ಲಿ ಒಳಬದಿಗೆ. ಬೇರೆ ಹವೆಗೆ ಬರೆದ ನಕ್ಷೆಯನ್ನು ನಕಲು ಮಾಡಿದಾಗ ಮೊದಲು ಕೆಡುವುದು ಇದೇ.

ನನ್ನ ಆಯ್ಕೆ ಅರ್ಧ ತೆರೆದದ್ದು, ಅರ್ಧ ಮುಚ್ಚಿದ್ದು. ಹಜಾರ, ಊಟದ ಜಾಗ, ವೆರಾಂಡ ಗಾಳಿಗೆ. ಮಲಗುವ ಕೋಣೆಗಳು, ಬಟ್ಟೆಯ ಕಪಾಟು, ಬೋರ್ಡ್‌ಗಳು ಇರುವ ಚಿಕ್ಕ ಕೋಣೆ ಬಿಗಿಯಾಗಿ. ನಡುವೆ ನಿಜವಾಗಿ ಮುಚ್ಚುವ ಬಾಗಿಲು. ತಂಪು ಮಾಡಬೇಕಾದ ಜಾಗವೇ ಮೂರನೇ ಒಂದು ಭಾಗಕ್ಕೆ ಇಳಿದರೆ ಯಾವ ಐದು ಸ್ಟಾರ್ ಯಂತ್ರವೂ ಕೊಡದ ಉಳಿತಾಯ ಸಿಗುತ್ತದೆ.

ಚಳಿಯ ತೀರದವರಿಗೆ ಈ ಗೊಂದಲ ಇಲ್ಲ, ಬಿಗಿ ಮನೆಯೇ ಸರಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್ ತಲೆ ಎತ್ತಿತು. ಆ ಮಾನದಂಡದಲ್ಲಿ ಮನೆ ಬಿಸಿ ಮಾಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್‌ಗಿಂತ ಜಾಸ್ತಿ ಬೇಡಬಾರದು, 50 ಪ್ಯಾಸ್ಕಲ್ ಒತ್ತಡದ ಪರೀಕ್ಷೆಯಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಾಲಿಗಿಂತ ಹೆಚ್ಚು ಸೋರಬಾರದು. ತೀರದಲ್ಲಿ ಇದಕ್ಕೆ ಒಂದು ಸೇರಿಕೆ: ಬಿಸಿ ಉಳಿಸಿಕೊಂಡು ಗಾಳಿ ಬದಲಿಸುವ ಯಂತ್ರದ ಬಾಯಿ ಕಡಲಿಗೆ ಬೆನ್ನಾದ ಬದಿಯಲ್ಲಿರಲಿ, ಇಲ್ಲದಿದ್ದರೆ ಫಿಲ್ಟರ್ ಉಪ್ಪು ಕಟ್ಟುತ್ತಲೇ ಇರುತ್ತದೆ.

ಕಿಟಕಿ: ನೋಟಕ್ಕೆ ಎಷ್ಟು ಗಾಜು

ಗೋಡೆ ತುಂಬಾ ಗಾಜು ಇಟ್ಟ ತೀರದ ಮನೆಗಳ ಚಿತ್ರ ನೋಡಿ ಮರುಳಾಗದವರಿಲ್ಲ. ಕಡಲು ಪಶ್ಚಿಮಕ್ಕಿದ್ದರೆ ಸಂಜೆಯ ಬಿಸಿಲು ಅಡ್ಡಡ್ಡ ಬರುತ್ತದೆ, ಎಷ್ಟು ಉದ್ದದ ಸಜ್ಜಾ ಇಟ್ಟರೂ ತಡೆಯುವುದಿಲ್ಲ. ಹೊರಗಿನಿಂದ ಮುಚ್ಚುವ ಪಟ್ಟಿ ಬಾಗಿಲು ಬೇಕು. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆ, ಬಿಸಿಯನ್ನು ಅಲ್ಲ, ಅದು ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಗಾಜು ಕೊಳ್ಳುವಾಗ ಸೆಕೆಯವರು ಬಿಸಿಲಿನ ಬಿಸಿ ಎಷ್ಟು ಒಳಗೆ ಬಿಡುತ್ತದೆ ಅನ್ನುವ ಎಸ್‌ಎಚ್‌ಜಿಸಿ ಅಂಕಿ ನೋಡಿ: ಸಾದಾ ಗಾಜಿಗೆ 0.8ರ ಆಸುಪಾಸು, ಬಿಸಿಲು ತಡೆಯುವ ಲೇಪದ ಗಾಜಿಗೆ 0.25–0.4. ಚಳಿಯವರು ಒಳಗಿನ ಬಿಸಿ ಎಷ್ಟು ಹೊರಗೆ ಸೋರುತ್ತದೆ ಅನ್ನುವ ಯು ಮೌಲ್ಯ ನೋಡಿ, ಕಡಿಮೆ ಇದ್ದಷ್ಟೂ ಒಳ್ಳೆಯದು: ಒಂಟಿ ಗಾಜು 5ಕ್ಕಿಂತ ಮೇಲೆ, ಒಳ್ಳೆಯ ಮೂರು ಪದರದ್ದು 0.6–0.8. ನನ್ನ ಮಾತು ಕೇಳಿದರೆ, ನೋಟಕ್ಕೆ ಒಂದೇ ಒಂದು ದೊಡ್ಡ ಕಿಟಕಿ ಸರಿಯಾದ ಜಾಗದಲ್ಲಿ ಇಡಿ, ಉಳಿದವು ಗಾಳಿಗೆ ಬೇಕಾದಷ್ಟೇ.

ಚೌಕಟ್ಟಿಗೆ ಯುಪಿವಿಸಿ ತುಕ್ಕು ಹಿಡಿಯುವುದಿಲ್ಲ ಅನ್ನುತ್ತಾರೆ, ನಿಜ, ಆದರೆ ಅದರೊಳಗಿನ ಉಕ್ಕಿನ ಪಟ್ಟಿ ಮತ್ತು ಬಿಜಾಗರಿ ಹಿಡಿಯುತ್ತವೆ. ಅಲ್ಯೂಮಿನಿಯಂ ತೆಳ್ಳಗೆ, ಗಟ್ಟಿ, ಆಧುನಿಕ ನೋಟ. ಒಳಗೆ ಹೊರಗೆ ಬೇರ್ಪಡಿಸುವ ಥರ್ಮಲ್ ಬ್ರೇಕ್ ಇಲ್ಲದಿದ್ದರೆ ಬಿಸಿ, ಚಳಿ ಎರಡನ್ನೂ ದಾಟಿಸುತ್ತದೆ. 25 ಮೈಕ್ರಾನ್ ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲ್ಮೈಯಲ್ಲೇ ಬೆಳೆಸುವ ಗಟ್ಟಿ ಆಕ್ಸೈಡ್ ಪದರ) ಅಥವಾ ಲೇಪದ ಗುಣಮಟ್ಟಕ್ಕೆ ಕೊಡುವ ಕ್ವಾಲಿಕೋಟ್ ಮುದ್ರೆಯ ಸೀಸೈಡ್ ದರ್ಜೆಯ ಪೌಡರ್ ಲೇಪ ಕೇಳಿ, ಸಾದಾ ಲೇಪದ ಕೆಳಗೆ ದಾರದಂಥ ತುಕ್ಕು ಹರಿದಾಡುತ್ತದೆ. ಫೈಬರ್‌ಗ್ಲಾಸ್ ಚೌಕಟ್ಟು ಸಿಗುವ ಕಡೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಬಿರುಗಾಳಿಯ ತೀರಕ್ಕೆ ಪದರ ಗಾಜಾ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು), ಶಟರಾ? ಫ್ಲಾರಿಡಾದಲ್ಲಿ 1992ರ ಆಂಡ್ರ್ಯೂ ಚಂಡಮಾರುತದ ನಂತರ ಬಂದ ಪರೀಕ್ಷೆಯಲ್ಲಿ ಸುಮಾರು 4 ಕಿಲೋ ತೂಕದ ಮರದ ತುಂಡನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಕಿಟಕಿಗೆ ಹೊಡೆಯುತ್ತಾರೆ. ಪದರ ಗಾಜು ಒಡೆದರೂ ಜಾಗ ಬಿಡಬಾರದು, ಏಕೆಂದರೆ ಒಮ್ಮೆ ಗಾಳಿ ಒಳಗೆ ನುಗ್ಗಿದರೆ ಚಾವಣಿಯನ್ನು ಒಳಗಿನಿಂದಲೇ ತಳ್ಳುತ್ತದೆ. ಶಟರ್ ಅಗ್ಗ, ನೆರಳೂ ಕೊಡುತ್ತದೆ, ಆದರೆ ಮುಚ್ಚಲು ಯಾರಾದರೂ ಮನೆಯಲ್ಲಿರಬೇಕು. ವರ್ಷವಿಡೀ ಅಲ್ಲೇ ಇರುವವರಿಗೆ ಶಟರ್, ರಜೆಗೆ ಮಾತ್ರ ಬರುವವರಿಗೆ ಪದರ ಗಾಜು.

ಎಸಿ, ಬಿಸಿನೀರು, ಸೋಲಾರ್

ಎಸಿ ಕೊಳ್ಳುವಾಗ ದೊಡ್ಡದು ಒಳ್ಳೆಯದು ಅಂದುಕೊಳ್ಳಬೇಡಿ. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗೆ, ಮೈಯೆಲ್ಲ ಅಂಟಂಟು. ವೇಗ ಬದಲಿಸುವ ಇನ್ವರ್ಟರ್ ಯಂತ್ರ, ಸರಿಯಾದ ಅಳತೆಯದ್ದು, ನಿಧಾನವಾಗಿ ಓಡುತ್ತಲೇ ಇರುವುದು ಲೇಸು. ಹೊರಘಟಕದಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಇರುತ್ತದೆ, ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಕರಗುತ್ತದೆ. ಲೇಪವಿರುವ ಕಾಯಿಲ್ ಕೇಳಿ, ಕಡಲಿಗೆ ಬೆನ್ನಾಗಿ ಇಡಿಸಿ, ಸಿಹಿನೀರಿನ ನಲ್ಲಿ ಪಕ್ಕದಲ್ಲೇ ಇರಲಿ, ಆಗಾಗ ತೊಳೆಯಲು. ಎಸಿಯೊಳಗೆ ತಂಪು ಮಾಡುವ ಅನಿಲಗಳಲ್ಲಿ ಹಳೆಯ ಆರ್410ಎಯ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 2088 ಪಟ್ಟು, ಆರ್32ದು 675. ಪ್ರೊಪೇನ್, ಅಂದರೆ ಆರ್290ದು ತೀರಾ ಕಡಿಮೆ. ಕೊಳವೆ ತೂತಾಗುವ ಸಾಧ್ಯತೆ ಜಾಸ್ತಿ ಇರುವ ತೀರದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಬಿಸಿನೀರಿಗೆ ಸಾದಾ ಗೀಸರಿನ ಮೂರನೇ ಒಂದು ಭಾಗ ಕರೆಂಟಿನಲ್ಲಿ ಹೀಟ್ ಪಂಪ್ ಕೆಲಸ ಮಾಡುತ್ತದೆ. ಸೆಕೆಯ ಕಡೆ ಅದನ್ನು ಉಗ್ರಾಣದ ಕೋಣೆಯಲ್ಲಿ ಇಟ್ಟರೆ ಆ ಕೋಣೆಯ ತೇವವನ್ನೂ ತೆಗೆಯುತ್ತದೆ. ಸೋಲಾರ್ ವಾಟರ್ ಹೀಟರ್ ಸರಳ, ಆದರೆ ಚಾವಣಿಯ ಮೇಲೆ ಇನ್ನೊಂದು ಲೋಹದ ವಸ್ತು ಉಪ್ಪಿಗೆ ಬಿಟ್ಟಂತೆ. ಪ್ಯಾನಲ್ ಜೊತೆಗೆ ಹೀಟ್ ಪಂಪ್ ನನಗೆ ಮೇಲು ಅನಿಸುತ್ತದೆ.

ಪ್ಯಾನಲ್‌ಗಳಲ್ಲಿ ಐಇಸಿ 61701 ಉಪ್ಪಿನ ಮಂಜಿನ ಪರೀಕ್ಷೆ ಪಾಸಾದದ್ದು ಇರಲಿ. ಬಿಸಿ ಒಂದು ಡಿಗ್ರಿ ಏರಿದರೆ ಉತ್ಪಾದನೆ 0.3–0.4 ಶೇಕಡಾ ಇಳಿಯುತ್ತದೆ, ಹಾಗಾಗಿ ಚಾವಣಿಗೂ ಪ್ಯಾನಲಿಗೂ ನಡುವೆ ಗಾಳಿ ಆಡಬೇಕು. ಸಾಮಾನ್ಯವಾಗಿ ಮೊದಲು ಹೋಗುವುದು ಪ್ಯಾನಲ್ ಅಲ್ಲ, ಅದನ್ನು ಹಿಡಿದ ಕ್ಲಾಂಪ್ ಮತ್ತು ಬೋಲ್ಟ್. ಇನ್ವರ್ಟರ್ ಮನೆಯೊಳಗೆ ಇರಲಿ. ಪ್ಯಾನಲಿನ ಕೆಳಗೆ ಕೂರುವ ಮೈಕ್ರೋ ಇನ್ವರ್ಟರ್ ಮಳೆ ತೊಳೆಯದ ಉಪ್ಪಿನ ಜಾಗದಲ್ಲೇ ಇರುತ್ತದೆ, ಕೆಟ್ಟರೆ ಮೇಲೆ ಹತ್ತಬೇಕು.

ನೀರು

ಬಾವಿಯಾ, ಮಳೆ ನೀರಾ? ತೀರದಲ್ಲಿ ಸಿಹಿನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಗೈಬೆನ್-ಹರ್ಜ್‌ಬರ್ಗ್ ಲೆಕ್ಕದ ಪ್ರಕಾರ ಕಡಲ ಮಟ್ಟದ ಮೇಲೆ 1 ಮೀಟರ್ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಇದರ ಇನ್ನೊಂದು ಅರ್ಥ ಭಯ ಹುಟ್ಟಿಸುತ್ತದೆ: ಪಂಪ್ ಮಾಡಿ ಮೇಲಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಉಪ್ಪು ನೀರು ಕೆಳಗಿನಿಂದ 40 ಮೀಟರಿನಷ್ಟು ಮೇಲೇರಲು ಹೊರಡುತ್ತದೆ. ಬೋರ್ ಆಳ ಮಾಡಿದಷ್ಟೂ ಕೆಲಸ ಕೆಡುತ್ತದೆ. ಮಳೆ ನೀರಿನ ಲೆಕ್ಕ ಸುಲಭ, 100 ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್, ಸೋರಿ ಹೋಗುವುದನ್ನು ಕಳೆದುಕೊಳ್ಳಿ. ಮೊದಲ ಮಳೆಯನ್ನು ಹೊರಗೆ ಬಿಡುವ ವ್ಯವಸ್ಥೆ ಬೇಕು, ಚಾವಣಿಯ ಉಪ್ಪು ಅದರಲ್ಲೇ ಬರುತ್ತದೆ.

ದುಡ್ಡು ಸಾಲದಿದ್ದರೆ

ಸಾಲುವುದಿಲ್ಲ, ಯಾರಿಗೂ ಸಾಲುವುದಿಲ್ಲ. ಆಗ ಏನನ್ನು ಮುಂದಕ್ಕೆ ಹಾಕಬಹುದು ಅನ್ನುವುದೇ ನಿಜವಾದ ಹೋಲಿಕೆ. ಗೋಡೆಯೊಳಗೆ, ನೆಲದೊಳಗೆ ಹೋಗುವ ಯಾವುದರಲ್ಲೂ ಜಿಪುಣತನ ಬೇಡ: ಕವರ್, ಕಂಬಿ, ಕೊಂಡಿ ಪಟ್ಟಿ, ಇನ್ಸುಲೇಶನ್, ನೆಲದ ಎತ್ತರ. ಮೊಳೆ, ಸ್ಕ್ರೂ, ಬಿಜಾಗರಿಗಳೂ ಇದೇ ಸಾಲಿನವು. ಹೊರಗಡೆಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಲದು, 316 ಬೇಕು, ಅದರಲ್ಲಿರುವ 2–3 ಶೇಕಡಾ ಮಾಲಿಬ್ಡಿನಂ ಕ್ಲೋರೈಡನ್ನು ತಡೆಯುತ್ತದೆ. 316 ಕೂಡ ತೊಳೆಯದಿದ್ದರೆ ಚಹಾ ಬಣ್ಣದ ಕಲೆ ಹಿಡಿಯುತ್ತದೆ, ಅದು ನೋಟದ ಸಮಸ್ಯೆ, ಮುರಿಯುವ ಸಮಸ್ಯೆ ಅಲ್ಲ. ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂಗೆ ನೇರ ತಾಗದಂತೆ ನೈಲಾನ್ ವಾಷರ್ ಹಾಕಿಸಿ. "ಸ್ಟೇನ್‌ಲೆಸ್ ಹಾಕಿದ್ದೇವೆ" ಅನ್ನುವ ಬಾಯಿಮಾತು ಬೇಡ, ದರ್ಜೆಯ ಅಂಕಿ ಬಿಲ್ಲಿನಲ್ಲಿ ಇರಲಿ.

ಮುಂದಕ್ಕೆ ಹಾಕಬಹುದಾದದ್ದು ಎಸಿ, ಹೀಟ್ ಪಂಪ್, ಪ್ಯಾನಲ್, ಬ್ಯಾಟರಿ. ಬ್ಯಾಟರಿಯಂತೂ ಕೊನೆಗೆ, ತರುವಾಗ ಬಿಸಿಗೆ ಹೆಚ್ಚು ತಾಳುವ, ಲಿಥಿಯಂ-ಕಬ್ಬಿಣ-ಫಾಸ್ಫೇಟಿನ ಎಲ್‌ಎಫ್‌ಪಿ ಬಗೆಯದ್ದನ್ನು ತನ್ನಿ. ಚಾವಣಿಯಿಂದ ಬೋರ್ಡಿನ ಕೋಣೆಗೆ ಖಾಲಿ ಪೈಪ್ ಮಾತ್ರ ಸ್ಲ್ಯಾಬ್ ಹಾಕುವ ಮೊದಲೇ ಎಳೆಸಿ, ಒಂದಲ್ಲ, ಎರಡು.